ಮಳೆಯ ನೆಪ ಬೇಡ, ನನ್ನ ದೂರು ಬೇಸಿಗೆಯದ್ದು

ದಿನಾಂಕ: 5 ಮೇ 2025

ಇವರಿಗೆ,
ವ್ಯವಸ್ಥಾಪಕರು, ಸೇವಾ ವಿಭಾಗ,
ನಮ್ಮ ಮನೆಗೆ ಸೋಲಾರ್ ಮತ್ತು ಕಾರ್ ಚಾರ್ಜರ್ ಅಳವಡಿಸಿದ ಸಂಸ್ಥೆ,
ಬೆಂಗಳೂರು

ಇವರಿಂದ,
ಕುಂದಾಪುರ ತಾಲೂಕಿನ ನಿಮ್ಮ ಗ್ರಾಹಕಿ

ವಿಷಯ: 5 ಕಿಲೋವ್ಯಾಟ್ ಸೋಲಾರ್ ಮತ್ತು ಕಾರ್ ಚಾರ್ಜರ್ ಅಳವಡಿಕೆಯಲ್ಲಿನ ದೋಷಗಳನ್ನು ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡುವ ಬಗ್ಗೆ

ಮಾನ್ಯರೇ,

2024ರ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ನೀವು ನಮ್ಮ ಮನೆಯ ಮಾಡಿನ ಮೇಲೆ 540 ವ್ಯಾಟಿನ 10 ಪ್ಯಾನೆಲ್ ಹಾಕಿ, ಪ್ಯಾನೆಲ್‌ನ ಕರೆಂಟನ್ನು ಮನೆಗೂ ಲೈನಿಗೂ ಹೊಂದುವ ಹಾಗೆ ಬದಲಿಸುವ 5 ಕಿಲೋವ್ಯಾಟಿನ ಇನ್ವರ್ಟರ್ ಕೂರಿಸಿದ್ದೀರಿ. ಅದೇ ಪ್ಯಾಕೇಜಿನಲ್ಲಿ ಪೋರ್ಟಿಕೋದಲ್ಲಿ ಕಾರ್ ಚಾರ್ಜರ್ ಕೂಡ. ಹಣ ಪೂರ್ತಿ ಸಂದಾಯವಾಗಿದೆ. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ನನ್ನ ಖಾತೆಗೆ ಬಂದಿದೆ. ಅದರಲ್ಲಿ ನನ್ನ ತಕರಾರು ಏನೂ ಇಲ್ಲ.

ನಿಮ್ಮ ಮಾರಾಟದವರು ಬರೆದುಕೊಟ್ಟ ಲೆಕ್ಕ "ಪ್ರತಿ ತಿಂಗಳು 600 ಯೂನಿಟ್". ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್, 5 ಕಿಲೋವ್ಯಾಟಿಗೆ 20, ಮೂವತ್ತು ದಿನಕ್ಕೆ 600. ಇದು ಇಡೀ ವರ್ಷದ ಸರಾಸರಿ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಜುಲೈಗೂ ಏಪ್ರಿಲ್‌ಗೂ ಒಂದೇ ಅಂಕಿ ಬರೆದುಕೊಡುವವರು ಇಲ್ಲಿಯ ಆಕಾಶ ನೋಡಿಯೇ ಇಲ್ಲ ಎಂದು ಆವಾಗಲೇ ಅನ್ನಿಸಿತ್ತು. ಆದರೂ ಸುಮ್ನೆ ಇದ್ದೆ. ಜುಲೈಯಲ್ಲಿ ಯೂನಿಟ್ ಅರ್ಧಕ್ಕಿಂತ ಕೆಳಗೆ ಇಳಿದಾಗ ನಿಮ್ಮ ಕಸ್ಟಮರ್ ಕೇರ್ "ಮಳೆ ಮೇಡಂ" ಅಂದಿತು. ಒಪ್ಪಿಕೊಂಡೆ. ನಮ್ಮೂರಿನ ಮಳೆ ನನಗೆ ಗೊತ್ತಿಲ್ವಾ?

ಮಳೆಗಾಲದಲ್ಲಿ ಕಳೆದದ್ದು ಬೇಸಿಗೆಯಲ್ಲಿ ತುಂಬಬೇಕು. ಸರಾಸರಿ ಅಂದ್ರೆ ಅದೇ ಅಲ್ವಾ? ಮಾರ್ಚ್, ಏಪ್ರಿಲ್‌ನಲ್ಲಿ 650 ದಾಟಬೇಕಾಗಿತ್ತು. ನಮ್ಮಲ್ಲಿ ಬಂದದ್ದು ಮಾರ್ಚ್‌ನಲ್ಲಿ 452, ಏಪ್ರಿಲ್‌ನಲ್ಲಿ 431. ಬ್ರಹ್ಮಾವರದಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲೂ ಇಷ್ಟೇ ದೊಡ್ಡ ಸೋಲಾರ್ ಇದೆ, ಬೇರೆಯವರು ಹಾಕಿದ್ದು. ಅಲ್ಲಿ ಅದೇ ಎರಡು ತಿಂಗಳು ತಲಾ 670ರ ಹತ್ತಿರ ಬಂದಿದೆ. ಈಗಲೂ ನಿಮ್ಮ ಉತ್ತರ "ಮೋಡ ಇರ್ಬಹುದು ಮೇಡಂ". ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಿಡಲು ಆಗುವುದಿಲ್ಲ. ಯಾವ ಮೋಡ?

ಸಮಸ್ಯೆ ಎಲ್ಲಿದೆ ಎಂದು ನಿಮ್ಮ ಆ್ಯಪ್‌ನ ಗ್ರಾಫೇ ಹೇಳುತ್ತದೆ, ನೋಡುವ ಮನಸ್ಸಿದ್ದರೆ. ಬೆಳಿಗ್ಗೆ 11ರವರೆಗೆ ಗೆರೆ ಚೆನ್ನಾಗಿ ಏರುತ್ತದೆ. 11ರಿಂದ 1 ಗಂಟೆವರೆಗೆ ಗರಗಸದ ಹಲ್ಲು. ಸೊನ್ನೆಗೆ ಬೀಳುತ್ತದೆ, ಕೆಲವು ನಿಮಿಷ ಬಿಟ್ಟು ಏರುತ್ತದೆ, ಮತ್ತೆ ಬೀಳುತ್ತದೆ. ಆಮೇಲೆ ಸುಮಾರು ಮೂರೂವರೆವರೆಗೆ 3 ಕಿಲೋವ್ಯಾಟ್‌ನಲ್ಲಿ ಚಪ್ಪಟೆ ಗೆರೆ. ಇವು ಎರಡು ಬೇರೆ ಬೇರೆ ಕಾಯಿಲೆ. ಎರಡಕ್ಕೂ ಕಾರಣ ನಿಮ್ಮ ಕೆಲಸ.

ಮೊದಲು ಗರಗಸದ ವಿಷಯ. ಸೊನ್ನೆಗೆ ಬಿದ್ದಾಗೆಲ್ಲ ಇನ್ವರ್ಟರ್‌ನಲ್ಲಿ ಬರುವ ಕೋಡ್ ಓವರ್‌ವೋಲ್ಟೇಜ್. ನೀವು ಹಾಕಿಟ್ಟ ಮಿತಿ 253 ವೋಲ್ಟ್. "ಲೈನಿನ ಪ್ರಾಬ್ಲಂ, ವಿದ್ಯುತ್ ಕಂಪನಿಗೆ ಹೇಳಿ" ಎಂದು ನಿಮ್ಮವರು ಕೈ ತೊಳೆದುಕೊಂಡರು. ನಾನು ನಮ್ಮೂರಿನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಒಂದೇ ಹೊತ್ತಿಗೆ ಎರಡು ಕಡೆ ಅಳೆಸಿದೆ. ಮೀಟರ್ ಬೋರ್ಡಿನಲ್ಲಿ 246 ವೋಲ್ಟ್. ತಾರಸಿಯ ಇನ್ವರ್ಟರ್ ಹತ್ತಿರ 254. ಈ 8 ವೋಲ್ಟ್ ಲೈನಿನಿಂದ ಬಂದದ್ದಲ್ಲ, ನಿಮ್ಮ ಕೇಬಲ್‌ನಿಂದ ಬಂದದ್ದು. ಕೊಟೇಶನ್‌ನಲ್ಲಿ 10 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಎಂದಿದೆ. ಎಳೆದಿರುವುದು 4 ಸ್ಕ್ವೇರ್ ಎಂಎಂ. ಇನ್ವರ್ಟರ್‌ನಿಂದ ಮೀಟರ್‌ಗೆ ಸುಮಾರು 40 ಮೀಟರ್ ದೂರ. ಅಷ್ಟು ಸಪೂರ ತಂತಿಯಲ್ಲಿ 20 ಆಂಪಿಯರ್ ದೂಡಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಏಳೆಂಟು ವೋಲ್ಟ್ ಏರಿಸಲೇಬೇಕು. ಬಿಸಿಲು ಜೋರಾದಷ್ಟೂ ಕರೆಂಟ್ ಜಾಸ್ತಿ, ವೋಲ್ಟೇಜ್ ಜಾಸ್ತಿ, ಕೊನೆಗೆ ಮಿತಿ ದಾಟಿ ಬಂದ್. ಒಳ್ಳೆಯ ಬಿಸಿಲಿನ ಹೊತ್ತಿಗೇ ಸರಿಯಾಗಿ ಬಂದ್. ಹೇಳಿದ ಕೇಬಲ್ಲೇ ಹಾಕಿದ್ದರೆ ಈ ಏರಿಕೆ ಮೂರು ವೋಲ್ಟಿನ ಆಸುಪಾಸಿನಲ್ಲಿ ಮುಗಿಯುತ್ತಿತ್ತು.

ಇದಕ್ಕೆ ಇನ್ನೊಂದು ಸಾಕ್ಷಿ ಕಾರು. ಭಾನುವಾರ ಮಧ್ಯಾಹ್ನ ಕಾರನ್ನು ಚಾರ್ಜ್‌ಗೆ ಹಾಕಿದರೆ ಗರಗಸ ಮಾಯ. ಮನೆಯೇ 3.3 ಕಿಲೋವ್ಯಾಟ್ ಎಳೆದುಕೊಳ್ಳುವಾಗ ಹೊರಗೆ ಹೋಗುವ ಕರೆಂಟ್ ಕಡಿಮೆ, ಮೀಟರ್ ಹತ್ತಿರದ ವೋಲ್ಟೇಜ್ ಎರಡು ಮೂರು ಇಳಿಯುತ್ತದೆ, ಇನ್ವರ್ಟರ್ ಬದುಕಿಕೊಳ್ಳುತ್ತದೆ. ಇದನ್ನು ಹೇಳಿದ್ದಕ್ಕೆ ನಿಮ್ಮ ಎಂಜಿನಿಯರ್ ಕೊಟ್ಟ ಪರಿಹಾರ: "ಹಾಗಾದ್ರೆ ದಿನಾ ಮಧ್ಯಾಹ್ನ ಕಾರ್ ಚಾರ್ಜ್ ಮಾಡಿ." ಕಾರು ಆ ಹೊತ್ತಿಗೆ ಮಣಿಪಾಲದಲ್ಲಿ ನನ್ನ ಆಫೀಸಿನ ಮುಂದೆ ನಿಂತಿರುತ್ತದೆ ಸ್ವಾಮಿ. ಹಗಲು ಮಾಡಿದ ಕರೆಂಟನ್ನು ಲೈನಿಗೆ ಕೊಟ್ಟು ರಾತ್ರಿ ವಾಪಸ್ ತೆಗೆದುಕೊಳ್ಳಲಿಕ್ಕೇ ಅಲ್ವಾ ನೆಟ್ ಮೀಟರ್ ಹಾಕಿಸಿದ್ದು? ಹೋಗಿ ಬಂದು ದಿನಕ್ಕೆ ಸುಮಾರು 80 ಕಿಲೋಮೀಟರ್. ಯೂನಿಟ್‌ಗೆ 7 ಕಿಲೋಮೀಟರ್ ಎಂದು ಹಿಡಿದರೂ ಕಾರಿಗೇ 11ರಿಂದ 12 ಯೂನಿಟ್ ಬೇಕು. ಅದನ್ನು ಲೆಕ್ಕ ಹಾಕಿಯೇ 3 ಕಿಲೋವ್ಯಾಟ್ ಸಾಕೆಂದಿದ್ದ ನಮಗೆ ನೀವು 5 ಮಾರಿದ್ದು.

ಇನ್ನು ಚಪ್ಪಟೆ ಗೆರೆ. ಪ್ಯಾನೆಲ್ ಬಿಸಿಯಾದರೆ ಉತ್ಪಾದನೆ ಇಳಿಯುತ್ತದೆ ಎಂದು ನಿಮ್ಮವರು ನನಗೆ ಪಾಠ ಹೇಳಿದರು. ಸರಿ, ಆ ಪಾಠವನ್ನೇ ಪೂರ್ತಿ ಮಾಡೋಣ. ಪ್ಯಾನೆಲ್ ಮೇಲೆ ಬರೆದಿರುವ 540 ವ್ಯಾಟ್ 25 ಡಿಗ್ರಿಯ ಲೆಕ್ಕ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿಗೆ ಸುಮಾರು 0.35 ಶೇಕಡಾ ನಷ್ಟ. ನಮ್ಮ ಬಿಸಿಲಿಗೆ ಪ್ಯಾನೆಲ್ 60–65 ಡಿಗ್ರಿ ಮುಟ್ಟುತ್ತದೆ. ಅಂದರೆ 12ರಿಂದ 14 ಶೇಕಡಾ ಹೋಯಿತು. 5.4 ಕಿಲೋವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ 4.6ರ ಸುಮಾರಿಗೆ ಬರಲಿ. ಇಷ್ಟನ್ನು ನಾನು ದೂರುವುದಿಲ್ಲ, ಇಲ್ಲಿನ ಸೆಕೆಗೆ ಯಾರೂ ಜವಾಬ್ದಾರರಲ್ಲ. ಆದರೆ 3ಕ್ಕೆ ಇಳಿದದ್ದು ಯಾಕೆ?

ಯಾಕೆಂದರೆ ಇನ್ವರ್ಟರನ್ನು ನೀವು ನೇತುಹಾಕಿರುವುದು ತಾರಸಿಯ ಮೆಟ್ಟಿಲು ಕೋಣೆಯ ಪಡುವಣ ಗೋಡೆಗೆ, ಶೀಟಿನಿಂದ ಒಂದು ಗೇಣು ಕೆಳಗೆ. ಮಧ್ಯಾಹ್ನ ಎರಡಕ್ಕೆ ಅಲ್ಲಿ ಥರ್ಮಾಮೀಟರ್ 50 ದಾಟುತ್ತದೆ. 45 ಡಿಗ್ರಿ ಮೇಲೆ ಉತ್ಪಾದನೆ ತಾನಾಗಿ ತಗ್ಗುತ್ತದೆ ಎಂದು ಇನ್ವರ್ಟರ್‌ನ ಕೈಪಿಡಿಯಲ್ಲೇ ಇದೆ. ಮೇಲೆ, ಕೆಳಗೆ, ಪಕ್ಕದಲ್ಲಿ ಎಷ್ಟೆಷ್ಟು ಜಾಗ ಬಿಡಬೇಕು ಎಂದು ಚಿತ್ರವನ್ನೂ ಕೊಟ್ಟಿದ್ದಾರೆ. ನಾನು ಒಂದು ಮಧ್ಯಾಹ್ನ ಅದರ ಎದುರು ಟೇಬಲ್ ಫ್ಯಾನ್ ಇಟ್ಟು ನೋಡಿದೆ. ಸ್ವಲ್ಪ ಹೊತ್ತಿನಲ್ಲೇ 3ರಲ್ಲಿದ್ದದ್ದು 3.9ಕ್ಕೆ ಏರಿತು. ಫ್ಯಾನ್ ತೆಗೆದೆ, ಮತ್ತೆ ಇಳಿಯಿತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಕೆಳಗೆ ಜಗಲಿಯ ಪಕ್ಕ ಮೂಡಣ ಗೋಡೆ ಇಡೀ ದಿನ ನೆರಳಲ್ಲಿ ತಂಪಾಗಿದೆ, ಮೀಟರ್‌ಗೂ ಹತ್ತಿರ. ಅಲ್ಲಿ ಹಾಕಿ ಎಂದು ಅಳವಡಿಸುವ ದಿನವೇ ಹೇಳಿದ್ದೆ. "ಪೈಪ್ ಉದ್ದ ಆಗ್ತದೆ" ಎಂದು ನಿಮ್ಮವರು ಮೇಲೇ ಹಾಕಿ ಹೋದರು.

ತೆಂಗಿನ ಮರದ ನೆರಳು ಎಂಬ ಇನ್ನೊಂದು ಮಾತೂ ಬಂತು. ಮೂರೂವರೆಯ ನಂತರ ನೆರಳು ಬೀಳುವುದು ನಿಜ, ಅದು ಗ್ರಾಫ್‌ನಲ್ಲೂ ಕಾಣುತ್ತದೆ, ಅದಕ್ಕೆ ನಾನು ತಕರಾರು ಮಾಡಿಲ್ಲ. ಆದರೆ ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಆ ಹೊತ್ತಿಗೆ ತೆಂಗಿನ ನೆರಳು ತನ್ನ ಬುಡದಲ್ಲೇ ಬೀಳುವುದು, ಮಾಡಿನ ಮೇಲಲ್ಲ. ಬೆಂಗಳೂರಿನಲ್ಲಿ ಕೂತು ಫೋಟೋ ನೋಡಿ ಕಾರಣ ಹೇಳುವಾಗ ಇಷ್ಟಾದರೂ ಯೋಚಿಸಬೇಡವೇ?

ಕಾರ್ ಚಾರ್ಜರ್‌ದ್ದು ಹೆಚ್ಚು ಗಂಭೀರ, ಯಾಕೆಂದರೆ ಅದು ಜೀವದ ಪ್ರಶ್ನೆ. ಫೆಬ್ರವರಿಯಿಂದ ಚಾರ್ಜರ್ ಆಗಾಗ ಅರ್ಥಿಂಗ್ ಫಾಲ್ಟ್ ತೋರಿಸಿ ನಿಲ್ಲುತ್ತಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಾರು 30 ಶೇಕಡಾದಲ್ಲೇ ನಿಂತಿರುತ್ತದೆ. ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡಪಾನ ನೀರು ಸುರಿದರೆ ಸರಿಹೋಗುತ್ತದೆ. ಇಲ್ಲಿ ನೆಲದಡಿ ಮುರಕಲ್ಲು. ಮಳೆಗಾಲದಲ್ಲಿ ನೀರು ಕುಡಿದು ತೇವವಾಗಿರುತ್ತದೆ, ಬೇಸಿಗೆಯಲ್ಲಿ ಒಣಗಿ ಅರ್ಥ್ ಹಿಡಿಯುವುದಿಲ್ಲ. ಅದಕ್ಕೇ ಇಲ್ಲಿ ಗುಂಡಿ ಆಳವಾಗಿ ತೋಡಿ, ತೇವ ಹಿಡಿದಿಡುವ ಪುಡಿ ತುಂಬಿಸುತ್ತಾರೆ. ಗುಂಡಿ ಬಿಚ್ಚಿಸಿ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬಿಲ್ಲಿನಲ್ಲಿ ಮೂರು ಗುಂಡಿ ಇದೆ: ಪ್ಯಾನೆಲ್‌ಗೊಂದು, ಇನ್ವರ್ಟರ್, ಚಾರ್ಜರ್ ಇರುವ ಎಸಿ ಕಡೆಗೊಂದು, ಸಿಡಿಲು ರಕ್ಷಕಕ್ಕೆ ಪ್ರತ್ಯೇಕ ಒಂದು. ಅಂಗಳದಲ್ಲಿರುವುದು ಎರಡೇ. ಸಿಡಿಲು ರಕ್ಷಕದ ತಂತಿಯನ್ನು ತಂದು ಚಾರ್ಜರ್‌ನ ಅರ್ಥಿಂಗ್ ಗುಂಡಿಗೇ ಸೇರಿಸಿದ್ದೀರಿ. ಸಿಡಿಲು ಬಡಿದರೆ ಅದೇ ದಾರಿಯಲ್ಲಿ ಚಾರ್ಜರ್‌ಗೂ ಬರಬಹುದು. ಈ ತಿಂಗಳು ಇಲ್ಲಿ ಸಂಜೆಯಾದರೆ ಗುಡುಗು ಸಿಡಿಲು. ಹಾಗಾಗಿ ಚಾರ್ಜರ್‌ನ ಬ್ರೇಕರ್ ಇಳಿಸಿಟ್ಟಿದ್ದೇನೆ, ಆಫೀಸಿನ ಹತ್ತಿರ ಹಣ ಕೊಟ್ಟು ಚಾರ್ಜ್ ಮಾಡಿಸಿಕೊಳ್ಳುತ್ತಿದ್ದೇನೆ. ಅದರ ರಸೀದಿಗಳೂ ಇವೆ.

ಕರೆಂಟ್ ಹೋದಾಗಿನ ಕಥೆ ಬೇರೆ. ಜೂನ್‌ನಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಒಂದೆರಡು ದಿನ ಕತ್ತಲೆ ಸಾಮಾನ್ಯ. "ಕರೆಂಟ್ ಹೋದ್ರೂ ತೊಂದ್ರೆ ಇಲ್ಲ, ಹಗಲು ಸೋಲಾರ್‌ನಿಂದಲೇ ಮನೆ, ಕಾರು ಎಲ್ಲಾ ನಡೀತದೆ" ಎಂದು ನಿಮ್ಮ ಮಾರಾಟದವರು ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದಾರೆ. ನೀವು ಹಾಕಿರುವುದು ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಇನ್ವರ್ಟರ್. ಲೈನ್ ಹೋದ ಕೂಡಲೇ ಅದೂ ಆಫ್ ಆಗಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಆ ನಿಯಮ ಸರಿಯಾದದ್ದು. ತಪ್ಪು ಇರುವುದು, ಅದು ಗೊತ್ತಿದ್ದೂ ಸುಳ್ಳು ಹೇಳಿ ಮಾರಿದ್ದರಲ್ಲಿ. ಲೈನ್ ಇಲ್ಲದಾಗಲೂ ಬ್ಯಾಟರಿ ಜೊತೆ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕು, ಬ್ಯಾಟರಿ ಬೇಕು, ಇಷ್ಟು ಖರ್ಚು ಎಂದು ಆಗಲೇ ಹೇಳಿದ್ದರೆ ಬೇಕೋ ಬೇಡವೋ ನಾವು ತೀರ್ಮಾನಿಸುತ್ತಿದ್ದೆವು.

ಪ್ಯಾನೆಲ್ ಕೂರಿಸಿದ ಸ್ಟ್ಯಾಂಡಿನ ಬೋಲ್ಟುಗಳ ಬಗ್ಗೆ ಫೋಟೋ ಸಾಕು. ಸಮುದ್ರ ಒಂದು ಕಿಲೋಮೀಟರ್ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದು ಹಾಕಿದ್ದು ಒಂದೇ ಮಳೆಗಾಲಕ್ಕೆ ಕೆಂಪಗಾಗಿದೆ. ಪೈಪ್ ಕತ್ತರಿಸಿದ ತುದಿಗಳಿಗೆ ಬಳಿದ ಸಿಲ್ವರ್ ಪೇಂಟ್ ಎದ್ದು ಬರುತ್ತಿದೆ.

ನಿಮ್ಮ ಸೇವೆಯ ಬಗ್ಗೆ ಎರಡು ಮಾತು. ಬರುವ ಹುಡುಗರು ಒಳ್ಳೆಯವರೇ, ಆದರೆ ಬರುವುದು ಸಂಜೆ ಐದಕ್ಕೆ. ಆ ಹೊತ್ತಿಗೆ ವೋಲ್ಟೇಜೂ ಸರಿ, ಇನ್ವರ್ಟರೂ ತಣ್ಣಗೆ. "ಎಲ್ಲಾ ಓಕೆ" ಎಂದು ಬರೆದುಕೊಂಡು ಹೋಗುತ್ತಾರೆ. ಗೇಟಿನಲ್ಲೇ "ಸರ್ ಇಲ್ವಾ?" ಎಂದು ಕೇಳುತ್ತಾರೆ. ಕರಾರು ನನ್ನ ಹೆಸರಿನಲ್ಲಿದೆ, ಹಣ ಕೊಟ್ಟವಳು ನಾನು, ಕಾರು ಓಡಿಸುವವಳೂ ನಾನು. ಸರ್ ಹತ್ತಿರ ಮಾತಾಡಬೇಕಾದ್ದು ಏನೂ ಇಲ್ಲ. ಮತ್ತೆ, ಆ್ಯಪ್‌ನ ಮುಖ್ಯ ಖಾತೆಯ ಪಾಸ್‌ವರ್ಡ್ ಇವತ್ತಿಗೂ ನಿಮ್ಮ ಕೈಯಲ್ಲೇ ಇದೆ. ನನ್ನ ಮಾಡಿನ ಕರೆಂಟಿನ ಪೂರ್ತಿ ಲೆಕ್ಕ ನೋಡಲು ನಾನು ನಿಮ್ಮನ್ನು ಕೇಳಬೇಕು ಎಂದರೆ ಏನರ್ಥ?

ಸಬ್ಸಿಡಿ ಯೋಜನೆಯಲ್ಲಿ ಹಾಕಿದ ಸೋಲಾರ್‌ಗೆ 5 ವರ್ಷದ ನಿರ್ವಹಣೆ ಹಾಕಿದವರದ್ದೇ. ಕರಾರಿನಲ್ಲೂ ಹಾಗೇ ಇದೆ. ಹಾಗಾಗಿ ಇನ್ವರ್ಟರನ್ನು ಕೆಳಗಿನ ಮೂಡಣ ಗೋಡೆಗೆ ಇಳಿಸಿ, ಕೊಟೇಶನ್‌ನಲ್ಲಿದ್ದ 10 ಸ್ಕ್ವೇರ್ ಎಂಎಂ ಕೇಬಲ್ಲನ್ನೇ ಎಳೆದುಕೊಡಿ. ಸಿಡಿಲು ರಕ್ಷಕಕ್ಕೆ ಪ್ರತ್ಯೇಕ ಗುಂಡಿ ತೋಡಿ, ಚಾರ್ಜರ್‌ನ ಅರ್ಥಿಂಗನ್ನು ಬೇಸಿಗೆಯಲ್ಲೂ ಹಿಡಿಯುವ ಹಾಗೆ ಮಾಡಿ, ಅಳತೆಯನ್ನು ಕಾಗದದಲ್ಲಿ ಬರೆದು ಸಹಿ ಹಾಕಿಕೊಡಿ. ಇದು ಮಳೆ ಶುರುವಾಗುವ ಮುಂಚೆ ಆಗಲೇಬೇಕು. ಬೋಲ್ಟುಗಳನ್ನು ಬದಲಿಸಿ. ಪಾಸ್‌ವರ್ಡ್ ನನಗೆ ವರ್ಗಾಯಿಸಿ, ಅದಕ್ಕೆ ಯಾರೂ ಬೆಂಗಳೂರಿನಿಂದ ಬರಬೇಕಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಡಿಮೆಯಾದ ಯೂನಿಟ್‌ಗಳ ಹಣ ಮತ್ತು ಹೊರಗೆ ಕಾರ್ ಚಾರ್ಜ್ ಮಾಡಿಸಿದ ಖರ್ಚನ್ನು ಭರಿಸಿ. ಕರೆಂಟ್ ಹೋದಾಗಲೂ ನಡೆಯುತ್ತದೆ ಎಂದ ಮಾತಿಗೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಯಾವ ದರದಲ್ಲಿ ಕೊಡುತ್ತೀರಿ ಎಂದು ಲಿಖಿತವಾಗಿ ತಿಳಿಸಿ. ಪೂರ್ತಿ ಬೆಲೆಯ ಕೊಟೇಶನ್ ಕಳಿಸಿದರೆ ನಾನು ತೆಗೆದುಕೊಳ್ಳುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಕೆಲಸ ಶುರುವಾಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸು ಬೆಂಗಳೂರಿನಲ್ಲಿದೆ ಎಂಬುದು ಅಡ್ಡಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ಶುಲ್ಕವೂ ಇಲ್ಲ.

ನಿಮ್ಮ ಎಂಜಿನಿಯರ್ ಬರುವುದಾದರೆ ಮಧ್ಯಾಹ್ನ 12ರಿಂದ 3ರ ಒಳಗೆ ಬರಲಿ. ಮುಂಚಿನ ದಿನ ಫೋನ್ ಮಾಡಿದರೆ ನಾನು ರಜೆ ಹಾಕಿ ಮನೆಯಲ್ಲಿರುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಕೊಟೇಶನ್ ಮತ್ತು ಬಿಲ್ಲಿನ ಪ್ರತಿ, ಮಾರ್ಚ್–ಏಪ್ರಿಲ್ ಗ್ರಾಫ್‌ಗಳು, ವೋಲ್ಟೇಜ್ ಅಳತೆ, ಅರ್ಥಿಂಗ್ ಗುಂಡಿ ಮತ್ತು ಬೋಲ್ಟುಗಳ ಫೋಟೋ, ವಾಟ್ಸ್ಆ್ಯಪ್ ಸಂದೇಶ, ಚಾರ್ಜಿಂಗ್ ರಸೀದಿಗಳು