ಜಿಮ್ ಬಿಡಬೇಡ ಪುಟ್ಟಾ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಭಾರ ಎತ್ತುವ ಮೊದಲು ಶುಗರ್ 140 ಇತ್ತು, ಎತ್ತಿದ ಮೇಲೆ 190 ಆಯಿತು, ಇನ್ನು ಜಿಮ್ ಸಹವಾಸವೇ ಬೇಡ ಅಂದೆಯಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜೋರಾಗಿ ಭಾರ ಎತ್ತಿದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನು ಏರುತ್ತದೆ. ಆಗ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಎಳೆದುಕೊಳ್ಳುವುದಕ್ಕಿಂತ ಅದು ಜಾಸ್ತಿಯಾದರೆ ಮೀಟರಿನಲ್ಲಿ ಅಂಕಿ ಏರುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಹೆದರಬೇಡ.

ನಿಜವಾದ ವಿಷಯ ಬೇರೆ ಇದೆ. ಸ್ನಾಯುವಿನ ಜೀವಕೋಶದೊಳಗೆ ಸಕ್ಕರೆ ಸಾಗಿಸಲು ಗ್ಲೂಟ್-4 ಅನ್ನೋ ಪ್ರೋಟೀನ್ ಇದೆ. ನಮ್ಮ ಎಪಿಎಂಸಿ ಯಾರ್ಡಿನ ಹಮಾಲಿಗಳನ್ನು ನೋಡಿದ್ದೀಯಲ್ಲ, ಲಾರಿ ಬರುವ ತನಕ ನೆರಳಲ್ಲಿ ಕೂತಿರುತ್ತಾರೆ, ಹಾಗೆ. ಇದೂ ಕೋಶದ ಒಳಗೆ ಕೂತಿರುತ್ತದೆ. ಇನ್ಸುಲಿನ್ ಕರೆದರೆ ಮೇಲ್ಪದರಕ್ಕೆ ಬಂದು ಸಕ್ಕರೆ ಹೊರುತ್ತದೆ. ನಿನ್ನ ನನ್ನಂಥ ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಕರೆ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಸ್ನಾಯು ಕೆಲಸ ಮಾಡಲು ಶುರು ಮಾಡಿತು ಅಂದರೆ ಇನ್ಸುಲಿನ್ ಕರೆಯದಿದ್ದರೂ ಗ್ಲೂಟ್-4 ಎದ್ದು ಬರುತ್ತದೆ. ಈ ಎರಡನೇ ದಾರಿ ನಮ್ಮ ಕಾಯಿಲೆಯಲ್ಲಿ ಕೆಟ್ಟಿರುವುದಿಲ್ಲ ಪುಟ್ಟಾ! ಇದನ್ನು ತಿಳಿದ ದಿನ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ?

ವ್ಯಾಯಾಮ ನಿಲ್ಲಿಸಿದ ಮೇಲೂ ಸ್ನಾಯು ಖಾಲಿಯಾದ ತನ್ನ ಸಕ್ಕರೆ ದಾಸ್ತಾನು ತುಂಬಿಸಿಕೊಳ್ಳುತ್ತಿರುತ್ತದೆ. ಒಂದೆರಡು ದಿನ ಇನ್ಸುಲಿನ್ ಮಾತನ್ನೂ ಚೆನ್ನಾಗಿ ಕೇಳುತ್ತದೆ. ಆಮೇಲೆ ಮತ್ತೆ ಮೊದಲಿನ ಹಾಗೆಯೇ. ಸತತ ಎರಡು ದಿನ ತಪ್ಪಿಸಬೇಡಿ ಅಂತ ಡಾಕ್ಟರು ಹೇಳೋದು ಅದಕ್ಕೇ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ಮೂರು ದಿನ ಭಾರ ಎತ್ತುವುದು, ಇಷ್ಟಿದ್ದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಹುಷಾರು. ನಿನ್ನ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಕೂಡ ಇದೆ, ನನ್ನದರಲ್ಲಿ ಇರುವ ಹಾಗೆಯೇ. ಈ ಗ್ಲಿಮಿಪಿರೈಡ್ ಶುಗರ್ ಲೋ ಮಾಡಬಲ್ಲದು. ಕಳೆದ ವರ್ಷ ಮಾತ್ರೆ ನುಂಗಿ, ತಿಂಡಿ ತಿನ್ನದೆ ತೋಟಕ್ಕೆ ಹೋಗಿಬಿಟ್ಟೆ. ತೆಂಗಿನ ಗರಿ ಎಳೆದು ಹಾಕುತ್ತಿದ್ದವನಿಗೆ ಕೈ ನಡುಗಲು ಶುರುವಾಯಿತು. ಬನಿಯನ್ ಪೂರ್ತಿ ಒದ್ದೆ. ಸಡಿಲವಾದ ಪಂಚೆ ಬಿಗಿ ಮಾಡಿಕೊಳ್ಳಲು ಬೆರಳೇ ಬರಲಿಲ್ಲ. ನಿಮ್ಮ ದೊಡ್ಡಮ್ಮ ಮೀಟರ್ ಹಚ್ಚಿ ನೋಡಿದರೆ 58! ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದಳು.

70ಕ್ಕಿಂತ ಕೆಳಗೆ ಹೋದರೆ ನೀನೂ ಅದನ್ನೇ ಮಾಡು. ಕೂತುಕೋ, 15 ನಿಮಿಷ ಬಿಟ್ಟು ಮತ್ತೆ ನೋಡು, ಏರದಿದ್ದರೆ ಇನ್ನೊಮ್ಮೆ ಕುಡಿ. ಚಾಕೊಲೇಟ್ ನಂಬಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಜಿಮ್ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇಟ್ಟುಕೋ. ವ್ಯಾಯಾಮ ಜಾಸ್ತಿ ಮಾಡಿದ್ದೀನಿ ಅಂತ ಮಾತ್ರೆ ನೀನೇ ಕಡಿಮೆ ಮಾಡಬೇಡ, ಡಾಕ್ಟರನ್ನು ಕೇಳು.

ರಾತ್ರಿ ಊಟ ಆದ ಕೂಡಲೇ ಲ್ಯಾಪ್‌ಟಾಪ್ ಮುಂದೆ ಕೂರುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಇವತ್ತಿಂದ ಹದಿನೈದು ನಿಮಿಷ ನಡೆದು ಬಂದು ಕೂತುಕೋ. ನಡೆದ ದಿನದ್ದು, ನಡೆಯದ ದಿನದ್ದು, ಎರಡೂ ಅಂಕಿ ಬರೆದು ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ