ಆಮೆಯಾದ ದೇವರನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಹಾಸ್ಯದ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಬಂದ ಬರಹ ಓದಿದೆ. ದೇವರು ಕೆಳಗೆ ಬಿದ್ದು ಬುದ್ಧಿ ಕಲಿಯುವ ಕತೆಗಳೆಲ್ಲ ಒಂದೇ, ಸುಮ್ನೆ ನಗಿಸೋಕೆ ಬರೆದದ್ದು ಎಂದಿದ್ದಾರೆ ಲೇಖಕರು. ಒಪ್ಪೋಕಾಗಲಿಲ್ಲ.

ಕೆಲವು ಹಾಗಿವೆ, ನಿಜ. ರಿಕ್ ರಿಯೊರ್ಡನ್ 2016ರಲ್ಲಿ ಶುರು ಮಾಡಿದ ಸರಣಿಯಲ್ಲಿ ಗ್ರೀಕರ ದೇವರು ಅಪೊಲೊ ಮೊಡವೆ ಮುಖದ ಹುಡುಗನಾಗಿ ನ್ಯೂಯಾರ್ಕಿನ ಕಸದ ತೊಟ್ಟಿಗೆ ಬೀಳುತ್ತಾನೆ. ಮಜವಾಗಿದೆ. ಆದರೆ ಅಲ್ಲಿ ಅಪ್ಪ ಸ್ಯೂಸ್ ಸಿಟ್ಟಾಗಿ ಶಿಕ್ಷೆ ಕೊಟ್ಟದ್ದು. ನಹುಷ ಹಾವಾಗಿ ಬಿದ್ದ ಕತೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ, ಅಲ್ವಾ?

ಟೆರಿ ಪ್ರಾಟ್ಚೆಟ್ 1992ರಲ್ಲಿ ಬರೆದ 'ಸ್ಮಾಲ್ ಗಾಡ್ಸ್' ಬೇರೆಯೇ ಥರ. ಅಲ್ಲಿ ದೇವರ ಹೆಸರು ಓಮ್ (ಹೆಸರು ನೋಡಿ ಗಾಬರಿಯಾಗಬೇಡಿ). ಅವನಿಗೆ ಯಾರೂ ಶಾಪ ಕೊಡುವುದಿಲ್ಲ. ದೊಡ್ಡ ಗೂಳಿಯಾಗಿ ಅಬ್ಬರಿಸಿಕೊಂಡು ಬರೋಣ ಅಂತ ಹೊರಟವನು ಆಮೆಯಾಗಿಬಿಟ್ಟಿದ್ದಾನೆ. ಯಾಕೆಂದರೆ ಆ ಲೋಕದಲ್ಲಿ ನಂಬುವವರು ಎಷ್ಟು ಜನವೋ ದೇವರು ಅಷ್ಟೇ ದೊಡ್ಡವನು. ಅವನ ಹೆಸರಲ್ಲಿ ಇಡೀ ರಾಜ್ಯವೇ ನಡೆಯುತ್ತಿದೆ, ಮಠ ಇದೆ, ಪೂಜೆ ಇದೆ, ಮಾತು ಮೀರಿದವರಿಗೆ ಚಿತ್ರಹಿಂಸೆ ಕೊಡುವ ವ್ಯವಸ್ಥೆಯೂ ಇದೆ, ಜನ ಮಾತ್ರ ಹೆದರುವುದು ಆ ವ್ಯವಸ್ಥೆಗೇ ಹೊರತು ದೇವರಿಗಲ್ಲ. ನಿಜವಾಗಿ ನಂಬಿರುವವನು ಒಬ್ಬನೇ. ಹಣ್ಣಿನ ಬಳ್ಳಿಗೆ ಗುದ್ದಲಿ ಹಾಕಿಕೊಂಡಿರುವ ಬ್ರೂಥ ಎಂಬ ಹುಡುಗ, ಓದು ಬರಹ ಬಾರದವನು. ಹದ್ದಿನ ಕಾಲಿಂದ ಜಾರಿದ ಆಮೆ ಅವನ ತೋಟಕ್ಕೇ ಬಂದು ಬೀಳುತ್ತದೆ. ಬಿದ್ದ ಮೇಲೂ ಜಂಬ ಇಳಿದಿಲ್ಲ. ಕಂಡಕಂಡವರಿಗೆಲ್ಲ ಶಾಪ ಹಾಕುತ್ತದೆ, ಒಂದೂ ತಗಲುವುದಿಲ್ಲ! ಹುಡುಗನೋ, ಇದು ದೆವ್ವ ಇರಬೇಕು ಅಂತ ಹೆದರುತ್ತಾನೆ.

ನನಗೆ ಜಾಸ್ತಿ ತಾಗಿದ್ದು ಮರುಭೂಮಿಯ ಭಾಗ. ಎಲ್ಲರೂ ಮರೆತ ಪುಟ್ಟ ದೇವರುಗಳು ಅಲ್ಲಿ ಬರೀ ಪಿಸುಮಾತಾಗಿ ಉಳಿದಿವೆ, ನಂಬು ನಂಬು ಎಂದು ಅಂಗಲಾಚುತ್ತವೆ. ಈ ಒಬ್ಬ ಹುಡುಗ ಸತ್ತರೆ ತನ್ನ ಗತಿಯೂ ಇದೇ ಎಂದು ಓಮ್‌ಗೆ ಗೊತ್ತು. ಹುಡುಗನ ಪ್ರಾಣದ ಮೇಲೆ ಅವನಿಗೆ ಕಾಳಜಿ ಹುಟ್ಟಿದ್ದು ಮೊದಲು ಸ್ವಾರ್ಥದಿಂದಲೇ. ಅದು ಯಾವಾಗ ಬೇರೆಯಾಯಿತು ಅಂತ ಗೆರೆ ಎಳೆದು ಹೇಳೋಕಾಗಲ್ಲ, ಎರಡು ಸಲ ಓದಿದರೂ ನನಗೆ ಸಿಗಲಿಲ್ಲ.

ಕೊನೆಗೆ ಶಕ್ತಿ ಮರಳಿ, ಓಮ್ ಆಜ್ಞೆ ಹೊರಡಿಸೋಕೆ ನಿಂತರೆ ಬ್ರೂಥ ತಡೆಯುತ್ತಾನೆ: ನಿಯಮ ನಿನಗೂ ಅನ್ವಯಿಸಬೇಕು. ದೇವರು ಚೌಕಾಸಿಗಿಳಿಯುತ್ತಾನೆ! ದೇವರಿಗೆ ಬೈದು ಹಾಡಿದ ನಮ್ಮ ದಾಸರಿಗೆ ಇದು ಖಂಡಿತ ಹಿಡಿಸುತ್ತಿತ್ತು.

ಲೇಖಕರಿಗೆ ಬೇಕಿದ್ದರೆ ನನ್ನ ಪ್ರತಿ ಕೊಡುತ್ತೇನೆ. ವಾಪಸ್ ಕೊಡಬೇಕು, ಅಷ್ಟೇ.

— ಒಬ್ಬ ಓದುಗ, ಮೈಸೂರು