ಗವರ್ನರ್ ಕೆಳಗಿನ ಸಾಲು

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ಅಮೆರಿಕದ ಸಿಟಿಜನ್ ಆದೆ, ಇನ್ನು ವೋಟು ಹಾಕಬಹುದು ಅಂತ ಕೇಳಿ ಖುಷಿಯಾಯಿತು. ಆದರೆ ಫೋನಿನಲ್ಲಿ ನೀನು ಆಡಿದ ಒಂದು ಮಾತು ನನಗೆ ಹಿಡಿಸಲಿಲ್ಲ. "ಗವರ್ನರ್‌ಗೆ ಹಾಕಿ ಬಂದುಬಿಡ್ತೀನಿ ದೊಡ್ಡಮ್ಮ, ಈ ಲೆಫ್ಟಿನೆಂಟ್ ಗವರ್ನರ್ ಅನ್ನೋದು ಊಟಕ್ಕಿಲ್ಲದ ಉಪ್ಪಿನಕಾಯಿ" ಅಂದೆ. ನಮ್ಮ ನ್ಯೂಜೆರ್ಸಿಯಲ್ಲಿದ್ದು ಹಾಗಂದಿದ್ದರೆ ಸುಮ್ಮನಿರುತ್ತಿದ್ದೆ. ನೀನಿರುವುದು ಟೆಕ್ಸಾಸ್‌ನಲ್ಲಿ.

ನಿನ್ನ ತಲೆಯಲ್ಲಿ ಇನ್ನೂ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಇರಬಹುದು. ಅವರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಇಲ್ಲಿ ಗವರ್ನರ್ ಅಂದರೆ ನಮ್ಮೂರಿನ ಮುಖ್ಯಮಂತ್ರಿ ಇದ್ದ ಹಾಗೆ, ಲೆಫ್ಟಿನೆಂಟ್ ಗವರ್ನರ್ ಅವರ ನಂತರದ ಸ್ಥಾನದವರು. ಅವರನ್ನೂ ಬಹುತೇಕ ಕಡೆ ಜನರೇ ಆರಿಸುತ್ತಾರೆ, ಆದರೆ ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ.

ನಮ್ಮಲ್ಲಿ ಆ ಹುದ್ದೆಯೇ ಹೊಸದು. 2004ರಲ್ಲಿ ಗವರ್ನರ್ ಮೆಕ್‌ಗ್ರೀವಿ ರಾಜೀನಾಮೆ ಕೊಟ್ಟಾಗ ಸೆನೆಟ್ ಅಂದರೆ ರಾಜ್ಯದ ಮೇಲ್ಮನೆ, ಅದರ ಅಧ್ಯಕ್ಷ ರಿಚರ್ಡ್ ಕೋಡಿ ಗವರ್ನರ್ ಕುರ್ಚಿ, ಸೆನೆಟ್ ಕುರ್ಚಿ ಎರಡನ್ನೂ ಹಿಡಿದು ಕೂತರು. ಮರುವರ್ಷ ಜನ ವೋಟು ಹಾಕಿ ರಾಜ್ಯದ ಸಂವಿಧಾನ ತಿದ್ದಿಸಿ ಈ ಹುದ್ದೆ ತಂದರು. 2009ರಿಂದ ಇಲ್ಲಿ ಜೋಡಿ ಸ್ಪರ್ಧೆ. ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಚುನಾವಣೆ, ಅದನ್ನು ಗೆದ್ದ ಗವರ್ನರ್ ಅಭ್ಯರ್ಥಿಗಳು ಜೊತೆಗಾರರನ್ನು ತಾವೇ ಆರಿಸಿಕೊಳ್ಳುತ್ತಾರೆ, ಎರಡು ಹೆಸರಿಗೆ ಒಂದೇ ವೋಟು. ಹೈದರಾಬಾದ್‌ನಲ್ಲಿ ಹುಟ್ಟಿದ ಅರುಣಾ ಮಿಲ್ಲರ್ 2022ರಲ್ಲಿ ಮೇರಿಲ್ಯಾಂಡ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದದ್ದೂ ಗವರ್ನರ್ ಅಭ್ಯರ್ಥಿ ವೆಸ್ ಮೂರ್ ಜೋಡಿಯಾಗಿಯೇ.

ಕೆಲವು ಕಡೆ ಪ್ರೈಮರಿಯಲ್ಲಿ ಬೇರೆ ಬೇರೆ ನಿಲ್ಲಿಸಿ, ಗೆದ್ದ ಇಬ್ಬರನ್ನು ಆಮೇಲೆ ಗಂಟು ಹಾಕುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಹೀಗಿದೆ. ನನ್ನನ್ನು ಕೇಳಿದರೆ ಇದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. 1986ರಲ್ಲಿ ಇಲಿನಾಯ್‌ನಲ್ಲಿ ಡೆಮಾಕ್ರಟ್ ಗವರ್ನರ್ ಅಭ್ಯರ್ಥಿ ಸ್ಟೀವನ್‌ಸನ್‌ಗೆ ಜೊತೆಯಾಗಿ ಸಿಕ್ಕಿದ್ದು ಲಾರೂಷ್ ಎಂಬ ವಿಚಿತ್ರ ನಾಯಕನ ಹಿಂಬಾಲಕ. ಪಾಪ, ಸ್ಟೀವನ್‌ಸನ್ ಆ ಟಿಕೆಟನ್ನೇ ಬಿಟ್ಟು ಬೇರೆ ಪಕ್ಷ ಕಟ್ಟಿ ನಿಂತು ಸೋತರು. ಈಗ ಅಲ್ಲಿ ಪ್ರೈಮರಿಯಿಂದಲೇ ಜೋಡಿ.

ನಿನ್ನ ಟೆಕ್ಸಾಸ್‌ನಲ್ಲಿ ಗವರ್ನರ್‌ಗೂ ಲೆಫ್ಟಿನೆಂಟ್ ಗವರ್ನರ್‌ಗೂ ಸಂಬಂಧವೇ ಇಲ್ಲ. ಪ್ರೈಮರಿಯೂ ಬೇರೆ, ನವೆಂಬರ್ ವೋಟೂ ಬೇರೆ. ಬುಷ್ ರಿಪಬ್ಲಿಕನ್ ಗವರ್ನರ್ ಆಗಿದ್ದಾಗ ಲೆಫ್ಟಿನೆಂಟ್ ಗವರ್ನರ್ ಡೆಮಾಕ್ರಟ್ ಬಾಬ್ ಬುಲ್ಲಕ್. ಜಗಳವೇ ಆಗುತ್ತದೆ ಅಂತಿಲ್ಲ, ಅವರಿಬ್ಬರೂ ಚೆನ್ನಾಗಿಯೇ ಹೊಂದಿಕೊಂಡರು.

ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಸಂಬಳ ವರ್ಷಕ್ಕೆ 7,200 ಡಾಲರ್, ನಿನ್ನ ಕಾರಿನ ಕಂತಿಗೂ ಸಾಲದು! ಅಧಿಕಾರ ನೋಡು. ಸೆನೆಟ್ ಅವರ ಕೈಯಲ್ಲಿ. ಯಾವ ಮಸೂದೆ ಯಾವ ಸಮಿತಿಗೆ, ಆ ಸಮಿತಿಗೆ ಯಾರು ಅಧ್ಯಕ್ಷರು, ಎಲ್ಲ ಅವರದೇ ತೀರ್ಮಾನ. ಶಾಸನಸಭೆ ಮಾಮೂಲಿಯಾಗಿ ಸೇರುವುದೇ ಎರಡು ವರ್ಷಕ್ಕೊಮ್ಮೆ, 140 ದಿನ. ಬೇಡದ ಮಸೂದೆಯನ್ನು ಬೇಡ ಅನ್ನಬೇಕಾಗಿಯೂ ಇಲ್ಲ, ಸುಮ್ನೆ ಇಟ್ಟುಕೊಂಡು ಕೂತರೆ ದಿನ ಮುಗಿಯುತ್ತದೆ. ನಿನ್ನ ಮನೆ ತೆರಿಗೆ, ಮಗುವಿನ ಶಾಲೆಯ ದುಡ್ಡು, ಎಲ್ಲ ಆ ಬಾಗಿಲು ದಾಟಿಯೇ ಬರಬೇಕು. ಗವರ್ನರ್ ಮುಂದೆ ಸಹಿಗೆ ಬರುವುದು ಆಮೇಲಿನ ಮಾತು. ಅದಕ್ಕೇ ಹೇಳುತ್ತೇನೆ, ಗವರ್ನರ್‌ಗಿಂತ ಒಂದು ಗಳಿಗೆ ಜಾಸ್ತಿಯೇ ಮತಪತ್ರದ ಲೆಫ್ಟಿನೆಂಟ್ ಗವರ್ನರ್ ಸಾಲಿನ ಹೆಸರುಗಳನ್ನು ಓದು. ಪ್ರೈಮರಿಯನ್ನೂ ತಪ್ಪಿಸಬೇಡ, ಎಷ್ಟೋ ಸಲ ಅಲ್ಲೇ ತೀರ್ಮಾನವಾಗಿರುತ್ತದೆ.

ಯಾರಿಗೆ ಹಾಕು ಅಂತ ನಾನು ಹೇಳುವುದಿಲ್ಲ. ನಿನ್ನ ದೊಡ್ಡಪ್ಪ ಹೇಳಿಯೇ ಹೇಳುತ್ತಾರೆ, ಕೇಳಿಸಿಕೊಂಡು ಬಿಟ್ಟುಬಿಡು.

ಮೊದಲು ಹೆಸರು ನೋಂದಾಯಿಸು, ಚುನಾವಣೆಗೆ 30 ದಿನ ಮೊದಲೇ ಆಗಿರಬೇಕು. ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ವೋಟು ಹಾಕುವ ಪದ್ಧತಿ 2020ರಿಂದ ಅಲ್ಲಿಲ್ಲ, ಒಂದೊಂದು ಸಾಲಿಗೂ ನೀನೇ ಗುರುತು ಮಾಡಬೇಕು. ಮತಗಟ್ಟೆಯೊಳಗೆ ಫೋನ್ ತೆಗೆಯುವಂತಿಲ್ಲ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಮ್ಮ